ಎಕ್ಸ್ ಸಿಕ್ಕಿತು, ಚತುರ್ಭುಜವೆಲ್ಲಿ?

ಒಂಬತ್ತನೆಯ ತರಗತಿಯ ಮೊಮ್ಮಗಳು ಮೊನ್ನೆ ಒಂದು ಲೆಕ್ಕವನ್ನು ಅರ್ಧ ನಿಮಿಷದಲ್ಲಿ ಬಿಡಿಸಿದಳು. ಚತುರ್ಭುಜ ಎಬಿಸಿಡಿಯ ಕೋನಗಳು ಅನುಕ್ರಮವಾಗಿ 3:4:5:6ರ ಅನುಪಾತದಲ್ಲಿವೆ, ಅವುಗಳ ಅಳತೆಯೆಷ್ಟು? 18 ಎಕ್ಸ್ ಸಮ 360, ಎಕ್ಸ್ ಸಮ 20. ಆದ್ದರಿಂದ 60, 80, 100, 120 ಡಿಗ್ರಿ.

“ಚಿತ್ರವೆಲ್ಲಮ್ಮ?” ಎಂದೆ.

“ಚಿತ್ರಕ್ಕೆ ಮಾರ್ಕ್ಸ್ ಇಲ್ಲ, ತಾತ.”

ಇದನ್ನು ರೇಖಾಗಣಿತವೆನ್ನಲು ನಾನು ಒಪ್ಪಲಾರೆ. ನಾಲ್ವರಿಗೆ 360 ರೂಪಾಯಿ ಹಂಚುವ ಲೆಕ್ಕಕ್ಕೂ ಇದಕ್ಕೂ ಏನು ಭೇದ? ಆ 360 ಎಲ್ಲಿಂದ ಬಂತೆಂದರೆ “ಸೂತ್ರ” ಎನ್ನುತ್ತಾರೆ. ಒಂದು ಕರ್ಣವನ್ನೆಳೆದು ಎರಡು ತ್ರಿಭುಜಗಳನ್ನು, ಎರಡು 180ಗಳನ್ನು ಕಾಣುವ ವ್ಯವಧಾನ ಯಾರಿಗೂ ಇಲ್ಲ.

ಪಟ್ಟುಹಿಡಿದು ಚಿತ್ರ ಬರೆಯಿಸಿದೆ. ಎ ಮತ್ತು ಡಿ ಕೋನಗಳು ಕೂಡಿ 180. ಬಿ ಮತ್ತು ಸಿ ಕೂಡಿಯೂ 180. ಅಂದಮೇಲೆ ಎಬಿ, ಡಿಸಿ ಬಾಹುಗಳು ಸಮಾಂತರ, ಆಕೃತಿ ತ್ರಾಪಿಜ್ಯ! ಅದೇ ಕೋನಗಳನ್ನು 3:4:6:5ರ ಕ್ರಮದಲ್ಲಿಡಿ. ಈಗ ಅಭಿಮುಖ ಕೋನಗಳ ಮೊತ್ತ 180. ನಾಲ್ಕೂ ಶೃಂಗಗಳು ಒಂದೇ ವೃತ್ತದ ಮೇಲೆ ಬಂದು ಕೂರುತ್ತವೆ. ಸಮಾಂತರ ಬಾಹುಗಳು ಮಾಯ. ಎಕ್ಸ್ ಮಾತ್ರ ಆಗಲೂ 20, ಈಗಲೂ 20. ಸಮೀಕರಣಕ್ಕೆ ಕಾಣದ ಈ ವ್ಯತ್ಯಾಸವೇ ಅಲ್ಲವೆ ಚತುರ್ಭುಜದ ಪಾಠ? ಗೈಡುಗಳು ಎಕ್ಸ್ ಸಿಕ್ಕೊಡನೆ ಅಂಗಡಿ ಮುಚ್ಚುತ್ತವೆ.

ಇಂದಿನ ಶಿಕ್ಷಕರನ್ನಷ್ಟೇ ದೂರಿ ನಾನು ಜಾರಿಕೊಳ್ಳಲಾರೆ. ಪರೀಕ್ಷೆ ಹತ್ತಿರವಾದಾಗ “ಮೊದಲು ಸಮೀಕರಣ ಬರೆಯಿರಿ, ಚಿತ್ರ ಆಮೇಲೆ ನೋಡೋಣ” ಎಂದು ನಿಮ್ಮಲ್ಲಿ ಹಲವರಿಗೆ ಹೇಳಿದವನು ನಾನೇ. ಚಿತ್ರವಿಲ್ಲದ ಉತ್ತರಗಳಿಗೆ ಪೂರ್ಣಾಂಕ ಕೊಟ್ಟವನೂ ನಾನೇ. ಕೊಡಬಾರದಿತ್ತು.