ಬರೆದವರು ಅವರೇನಾ?

ಸೀಕ್ವೆಲ್ ಬರ್ತಿದೆ ಅಂದ್ರೆ ಎಲ್ಲರೂ ಮೊದಲು ಕೇಳೋದು, ‘ಹೀರೊ, ಹೀರೊಯಿನ್ ಅವರೇನಾ?’ ಕಥೆ ಬರೆದವರು ಅವರೇನಾ ಅಂತ ಒಬ್ಬರೂ ಕೇಳಲ್ಲ. ಈ ಅಸಡ್ಡೆ ಬಗ್ಗೆಯೇ ನನ್ನ ತಕರಾರು. ಅನುಮಾನ ಇದ್ದವರು 1985ರ ‘ದಿ ಜ್ಯುವೆಲ್ ಆಫ್ ದಿ ನೈಲ್’ ನೋಡಿ.

ಅದರ ಮೊದಲ ಭಾಗ 1984ರ ‘ರೊಮ್ಯಾನ್ಸಿಂಗ್ ದಿ ಸ್ಟೋನ್’. ಪುಕ್ಕಲು ಸ್ವಭಾವದ ಕಾದಂಬರಿಗಾರ್ತಿ ಜೋನ್ ವೈಲ್ಡರ್, ಸೋದರಿಯನ್ನು ಬಿಡಿಸಿಕೊಳ್ಳಲು ನ್ಯೂಯಾರ್ಕ್‌ನಿಂದ ಕೊಲಂಬಿಯಾಕ್ಕೆ ಹೋಗಿ, ಮಳೆಗೆ ಕೆಸರಲ್ಲಿ ಜಾರಿ, ಬಿದ್ದು, ಎದ್ದು ಗಟ್ಟಿಗಿತ್ತಿಯಾಗುವ ಕಥೆ. ಈ ಜೋನ್‌ಳನ್ನು ಹುಟ್ಟಿಸಿದ್ದು ಡಯಾನ್ ಥಾಮಸ್. ಮಾಲಿಬುವಿನಲ್ಲಿ ವೇಯ್ಟ್ರೆಸ್ ಆಗಿದ್ದುಕೊಂಡು ಬರೆದ ಸ್ಕ್ರಿಪ್ಟ್ ಅದು. ಮೈಕಲ್ ಡಗ್ಲಾಸ್ ಅದನ್ನು ಕೊಂಡರು, ನಿರ್ಮಿಸಿದರು, ನಾಯಕರೂ ಆದರು.

ಗೆದ್ದಮೇಲೆ ಕೇಳಬೇಕಾ? ಮರುವರ್ಷದ ಡಿಸೆಂಬರ್‌ಗೆ ಸೀಕ್ವೆಲ್ ತೆರೆಗೆ. ಡಗ್ಲಾಸ್, ಕ್ಯಾಥ್ಲೀನ್ ಟರ್ನರ್, ಡ್ಯಾನಿ ಡಿವಿಟೊ ಮೂವರೂ ಹಾಜರ್. ನಿರ್ದೇಶಕ ರಾಬರ್ಟ್ ಜೆಮೆಕಿಸ್ ‘ಬ್ಯಾಕ್ ಟು ದಿ ಫ್ಯೂಚರ್’ ಕಡೆ ಹೋಗಿದ್ದರು; ಲೂಯಿಸ್ ಟೀಗ್ ಬಂದರು. ಬರೆದವರು ಮಾರ್ಕ್ ರೋಸೆಂತಾಲ್, ಲಾರೆನ್ಸ್ ಕಾನರ್. ಸ್ಕ್ರಿಪ್ಟ್ ಓದಿದ ಟರ್ನರ್ ‘ನಾನೊಲ್ಲೆ’ ಅಂದುಬಿಟ್ಟರು. ಒಪ್ಪಂದ ಇತ್ತಲ್ಲ, ಸ್ಟುಡಿಯೋ 25 ಮಿಲಿಯನ್ ಡಾಲರ್ ದಾವೆಗೆ ಮುಂದಾಯಿತು! ಡಗ್ಲಾಸ್ ನಡುವೆ ಬಂದು ಸ್ಕ್ರಿಪ್ಟ್ ತಿದ್ದಿಸಿದ ಮೇಲಷ್ಟೇ ರಾಜಿ. ಬರವಣಿಗೆ ಸರಿಯಿಲ್ಲ ಅಂತ ನಾಯಕಿಯೇ ಹೇಳಿದರೆ ಅವಳ ಮೇಲೇ ಕೇಸು. ಇದ್ಯಾವ ನ್ಯಾಯ ರೀ?

ತಮಾಷೆ ಏನು ಗೊತ್ತಾ? ಈ ಚಿತ್ರದ ಆರಂಭದಲ್ಲಿ ಜೋನ್‌ಗೆ ಕಾದಂಬರಿ ಮುಂದುವರಿಸಲು ಕೈಯೇ ಓಡುತ್ತಿಲ್ಲ. ಮುಂದೆ ಸಿನಿಮಾಕ್ಕೂ ಅದೇ ಗತಿ. ಬರೆಯಲು ತೋಚದ ಕಡೆ ಎಫ್-16 ವಿಮಾನವನ್ನು ಊರ ಬೀದಿಯಲ್ಲಿ ಕಾರಿನ ಹಾಗೆ ಓಡಿಸ್ತಾರೆ. ನಗು ಬರುತ್ತೆ, ಸುಳ್ಳು ಹೇಳಲ್ಲ. ಆದರೆ ಮೊದಲ ಭಾಗದಲ್ಲಿ ನಗು ಹುಟ್ಟಿದ್ದು ಜೋನ್‌ಳ ಹೆದರಿಕೆಯಿಂದ, ಇಲ್ಲಿ ಪೆಟ್ರೋಲಿನಿಂದ.

ದುಡ್ಡು ಮಾಡ್ತಲ್ಲ ಅಂತೀರಾ? ಮಾಡ್ತು. ಮುಖ ನೋಡಿ ಟಿಕೆಟ್ ಕೊಳ್ಳುವ ನಾವಿರುವಾಗ ಯಾಕೆ ಮಾಡಲ್ಲ?

ಬಿಡುಗಡೆಗೆ ಎರಡು ತಿಂಗಳೂ ಇಲ್ಲದಾಗ, ಅಕ್ಟೋಬರ್‌ನಲ್ಲಿ, ಡಯಾನ್ ಕಾರು ಅಪಘಾತದಲ್ಲಿ ತೀರಿಕೊಂಡರು. ವಯಸ್ಸು 39. ಅದಕ್ಕೂ ಮೊದಲೇ ಮೊರಾಕೊದಲ್ಲಿ ಲೊಕೇಶನ್ ಹುಡುಕಲು ಹೋಗಿದ್ದ ಪ್ರೊಡಕ್ಷನ್ ಡಿಸೈನರ್ ರಿಚರ್ಡ್ ಡಾಕಿಂಗ್, ಪ್ರೊಡಕ್ಷನ್ ಮ್ಯಾನೇಜರ್ ಬ್ರಯನ್ ಕೋಟ್ಸ್ ವಿಮಾನ ಅಪಘಾತದಲ್ಲಿ ಸತ್ತಿದ್ದರು. ಚಿತ್ರವನ್ನು ಈ ಮೂವರಿಗೆ ಅರ್ಪಿಸಿದ್ದಾರೆ. ಬಿಲ್ಲಿ ಓಷನ್ ಹಾಡಿನ ವಿಡಿಯೊದಲ್ಲಿ ಬಿಳಿ ಸೂಟು ತೊಟ್ಟು ಕುಣಿದ ಮೂವರು ತಾರೆಯರು ನಿಮಗೆ ಗೊತ್ತಿರ್ತಾರೆ. ಅರ್ಪಣೆಯ ಸಾಲು ಬಂದಾಗ ಮಾತ್ರ ದಯವಿಟ್ಟು ರಿಮೋಟ್ ಕೆಳಗಿಡಿ.