ಸಸಿ ಹಳದಿಯಾದರೆ ಗೊಬ್ಬರವೊಂದೇ ಉತ್ತರವೇ?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಇಡೀ ರಾಜ್ಯ ನೀರಿನ ಲೆಕ್ಕ ಹಾಕಿತು. ಎಷ್ಟು ಟಿಎಂಸಿ ಹರಿದುಹೋಯಿತು, ಎಷ್ಟು ಉಳಿಯಿತು, ಎರಡನೇ ಬೆಳೆಗೆ ಸಿಗುತ್ತದೋ ಇಲ್ಲವೋ ಎಂಬುದೇ ಟಿ.ವಿ.ಯಲ್ಲಿ, ಹೋಟೆಲಿನಲ್ಲಿ, ಬಸ್ಸಿನಲ್ಲಿ ಮಾತು. ಸಿರುಗುಪ್ಪ ತಾಲ್ಲೂಕಿನ ಕೆಂಚನಗುಡ್ಡದವಳಾದ ನನಗೂ ಅದೇ ಚಿಂತೆ ಇತ್ತು. ನಮ್ಮ ಭಾಗದ ಬದುಕು ನಿಂತಿರುವುದೇ ಆ ನದಿ ಮತ್ತು ವಿಜಯನಗರ ಕಾಲದ ಅಣೆಕಟ್ಟು, ಕಾಲುವೆಗಳ ಮೇಲೆ. ಆದರೆ ಕೃಷಿ ಪದವಿ ಓದುತ್ತಿರುವ ನನ್ನನ್ನು ಇನ್ನೊಂದು ಪ್ರಶ್ನೆಯೂ ಕಾಡುತ್ತದೆ. ನೀರು ಎಷ್ಟು ಬಂತು ಎಂದು ದಿನವೂ ಅಳೆಯುವ ನಾವು, ಆ ನೀರು ಮತ್ತು ಹೂಳು ಗದ್ದೆಗೆ ಏನನ್ನು ಹೊತ್ತು ತರುತ್ತವೆ ಎಂದು ಅಳೆಯುತ್ತೇವೆಯೇ?

ಜಲಾಶಯ ಕಟ್ಟಿದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ. ಹೂಳು ತುಂಬಿ ಈಗ ಅದು ಸುಮಾರು 105 ಟಿಎಂಸಿಗೆ ಇಳಿದಿದೆ. ಮೇಲ್ಭಾಗದ ಹೊಲಗಳು, ಪಟ್ಟಣಗಳು, ಕೈಗಾರಿಕೆಗಳ ನೀರೆಲ್ಲ ಇದೇ ನದಿಗೆ ಬಂದು ಸೇರುತ್ತದೆ. ಹೊಸಪೇಟೆ, ಸಂಡೂರು ಗಣಿ ಸೀಮೆಯ ಹಳ್ಳಗಳೂ ಇತ್ತಲೇ ಹರಿಯುತ್ತವೆ. 2017ರ ಬೇಸಿಗೆಯಲ್ಲಿ ರೈತರೇ ಒಟ್ಟುಗೂಡಿ 'ಹೂಳಿನ ಜಾತ್ರೆ' ನಡೆಸಿ ಜಲಾಶಯದ ಹೂಳು ಎತ್ತಿದ್ದು ಹಲವರಿಗೆ ನೆನಪಿರಬಹುದು. ಹೂಳು ಫಲವತ್ತಾದದ್ದು ಎಂಬ ನಂಬಿಕೆ ಸುಳ್ಳಲ್ಲ. ಆದರೆ ಕ್ಯಾಡ್ಮಿಯಂ, ಸೀಸ, ಕ್ರೋಮಿಯಂ, ನಿಕಲ್‌ನಂಥ ಭಾರಲೋಹಗಳು ಅಂಟಿಕೊಳ್ಳುವುದೂ ಆ ನುಣ್ಣನೆಯ ಮಣ್ಣಿನ ಕಣಗಳಿಗೇ.

ಭಾರಲೋಹದ ಹೊಡೆತ ಮೊದಲು ಬೀಳುವುದು ಎಳೆಯ ಸಸಿಗೆ, ಅದರಲ್ಲೂ ಬೇರಿಗೆ. ಕಾಲೇಜಿನ ಪ್ರಯೋಗಾಲಯದಲ್ಲಿ ನಾವು ಭತ್ತದ ಬೀಜಗಳನ್ನು ಬೇರೆ ಬೇರೆ ಪ್ರಮಾಣದ ಮೈಲುತುತ್ತದ ನೀರಿನಲ್ಲಿ ಮೊಳಕೆಗೆ ಇಟ್ಟಿದ್ದೆವು. ತಾಮ್ರ ಸಸ್ಯಕ್ಕೆ ಬೇಕಾದ ಲೋಹವೇ, ಹೆಚ್ಚಾದರೆ ವಿಷ. ಅಚ್ಚರಿಯೆಂದರೆ ಹೆಚ್ಚುಕಡಿಮೆ ಎಲ್ಲ ತಟ್ಟೆಗಳಲ್ಲೂ ಮೊಳಕೆ ಬಂತು. ಆದರೆ ತಾಮ್ರ ಹೆಚ್ಚಿದ್ದ ತಟ್ಟೆಗಳಲ್ಲಿ ಬೇರು ಮೊಂಡಾಗಿತ್ತು, ತುದಿ ಕಂದಿತ್ತು, ಬೇರುಕೂದಲು ಕಾಣುತ್ತಿರಲಿಲ್ಲ. ಮನೆಯಲ್ಲಿ ಫೋಟೊ ತೋರಿಸಿದಾಗ ಅಪ್ಪ, "ಮೊಳಕಿ ಬಂದೈತಲ್ಲವ್ವಾ, ಮತ್ತೇನ್ ಚಿಂತಿ?" ಎಂದರು.

ಆ ಪ್ರಶ್ನೆಯಲ್ಲೇ ವಿಷಯದ ತಿರುಳಿದೆ. ಮೊದಲ ಕೆಲವು ದಿನ ಮೊಳಕೆ ಬದುಕುವುದು ಬೀಜದೊಳಗಿನ ಬುತ್ತಿಯಿಂದ. ಬೀಜದ ಸಿಪ್ಪೆಯೂ ಒಂದಿಷ್ಟು ಲೋಹವನ್ನು ತಡೆಯುತ್ತದೆ. ಹೀಗಾಗಿ ಮೊಳಕೆಯ ಪ್ರಮಾಣ ನೋಡಿ ಮಣ್ಣು ಚೆನ್ನಾಗಿದೆ ಎನ್ನಲಾಗದು. ಬೇರು ಮಣ್ಣಿಗೆ ಇಳಿದ ಮೇಲೆ ನಿಜವಾದ ಪರೀಕ್ಷೆ ಶುರು. ಬೇರಿನ ತುದಿಯಲ್ಲಿ ಕೋಶಗಳು ಸದಾ ವಿಭಜನೆಯಾಗುತ್ತಿರುತ್ತವೆ. ಲೋಹ ಆ ವಿಭಜನೆಯನ್ನೇ ಕೆಡಿಸುತ್ತದೆ. ಬೇರು ಗಿಡ್ಡವಾದರೆ ನೀರು, ಕಬ್ಬಿಣ, ಸತು ಎಲ್ಲವೂ ಕಡಿಮೆ ಸಿಗುತ್ತವೆ. ಎಲೆಯಲ್ಲಿ ಹಸಿರು ಕಟ್ಟುವುದಿಲ್ಲ. ನಾಟಿಯ ಹೊತ್ತಿಗೆ ಸಸಿಮಡಿ ಹಳದಿಯಾಗಿ, ಕುಳ್ಳಾಗಿ ನಿಲ್ಲುತ್ತದೆ.

ಈಗ ರೈತನ ಜಾಗದಲ್ಲಿ ನಿಂತು ನೋಡಿ. ಹಳದಿ ಸಸಿ ಕಂಡ ಕೂಡಲೇ ನೆನಪಾಗುವುದು ಸತುವಿನ ಕೊರತೆ, ಕಬ್ಬಿಣದ ಕೊರತೆ. ಕ್ಷಾರ ಗುಣದ ಎರೆಮಣ್ಣಿನಲ್ಲಿ ಸತುವಿನ ಕೊರತೆ ಸಾಮಾನ್ಯವೇ, ಅನುಮಾನ ತಪ್ಪಲ್ಲ. ಆದರೆ ಲೋಹದ ವಿಷವೂ ಹೊರಗೆ ಅದೇ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ. ಕಣ್ಣಳತೆಯಲ್ಲಿ ಎರಡನ್ನೂ ಬೇರ್ಪಡಿಸುವುದು ಕಷ್ಟ. ಅಂಗಡಿಗೆ ಹೋದರೆ ಸಿಗುವುದು ಇನ್ನೊಂದು ಚೀಲ ಗೊಬ್ಬರ. ಶಿಲಾರಂಜಕದಿಂದ ತಯಾರಾಗುವ ಡಿಎಪಿ, ಸೂಪರ್ ಫಾಸ್ಫೇಟ್‌ನಂಥ ಗೊಬ್ಬರಗಳಲ್ಲಿ ಕ್ಯಾಡ್ಮಿಯಂ ಕಲ್ಮಶವಾಗಿ ಇರುತ್ತದೆ ಎಂಬುದು ಜಗತ್ತಿಗೇ ಗೊತ್ತಿರುವ ಸಂಗತಿ. ಅಂದರೆ ತಪ್ಪು ರೋಗನಿರ್ಣಯದಿಂದ ಸಾಲವೂ ಏರುತ್ತದೆ, ಕೆಲವೊಮ್ಮೆ ಮೂಲ ಸಮಸ್ಯೆಯೂ ಏರುತ್ತದೆ.

ಇದಕ್ಕೆ ಮಣ್ಣು ಆರೋಗ್ಯ ಕಾರ್ಡ್ ಇದೆಯಲ್ಲ ಎನ್ನಬಹುದು. ಕೇಂದ್ರ ಸರ್ಕಾರ 2015ರ ಫೆಬ್ರುವರಿಯಲ್ಲಿ ಆರಂಭಿಸಿದ ಈ ಯೋಜನೆಯಲ್ಲಿ 12 ಅಂಶಗಳ ಪರೀಕ್ಷೆಯಾಗುತ್ತದೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ, ಲವಣಾಂಶ, ಸಾವಯವ ಇಂಗಾಲ. ಒಳ್ಳೆಯ ಪಟ್ಟಿಯೇ. ಆದರೆ ಇದರಲ್ಲಿ ಕ್ಯಾಡ್ಮಿಯಂ ಇಲ್ಲ, ಸೀಸ ಇಲ್ಲ, ಕ್ರೋಮಿಯಂ, ನಿಕಲ್, ಆರ್ಸೆನಿಕ್ ಇಲ್ಲ. ಮಣ್ಣಿಗೆ ಏನು ಕಡಿಮೆಯಾಗಿದೆ ಎಂದು ಹೇಳುವ ಕಾರ್ಡ್ ಇದು. ಮಣ್ಣಿಗೆ ಏನು ಸೇರಬಾರದಿತ್ತು ಎಂದು ಹೇಳುವುದಿಲ್ಲ. ವಿಚಿತ್ರವೆಂದರೆ ನಗರದ ಕಸದಿಂದ ಮಾಡುವ ಕಾಂಪೋಸ್ಟ್‌ಗೆ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಮಿತಿ ಇದೆ: ಒಂದು ಕೆ.ಜಿ.ಗೆ ಕ್ಯಾಡ್ಮಿಯಂ 5 ಮಿಲಿಗ್ರಾಂ, ಸೀಸ 100 ಮಿಲಿಗ್ರಾಂ ಮೀರುವಂತಿಲ್ಲ. ಚೀಲದಲ್ಲಿರುವ ಗೊಬ್ಬರಕ್ಕೆ ಇರುವ ಈ ಎಚ್ಚರಿಕೆ ಆ ಗೊಬ್ಬರ ಬೀಳುವ ಗದ್ದೆಯ ಕಾರ್ಡಿನಲ್ಲಿ ಏಕಿಲ್ಲ?

ಭತ್ತದ ನಾಡಿಗೆ ಈ ಪ್ರಶ್ನೆ ಇನ್ನೂ ಮುಖ್ಯ. ಗದ್ದೆಯಲ್ಲಿ ನೀರು ನಿಂತಾಗ ಮಣ್ಣಿನಲ್ಲಿ ಆರ್ಸೆನಿಕ್ ಇದ್ದರೆ ಅದು ಕರಗುವ ರೂಪ ಪಡೆದು, ಭತ್ತದ ಬೇರು ಸಿಲಿಕಾನ್ ಹೀರುವ ದಾರಿಯಲ್ಲೇ ಒಳನುಗ್ಗುತ್ತದೆ. ಇದನ್ನು ವಿಜ್ಞಾನಿಗಳು 2008ರಲ್ಲಿ ತೋರಿಸಿಕೊಟ್ಟರು. ನೀರು ಬಸಿದು ಗದ್ದೆ ಒಣಗಿದಾಗ ಆರ್ಸೆನಿಕ್ ತಗ್ಗುತ್ತದೆ, ಆದರೆ ಕ್ಯಾಡ್ಮಿಯಂ ಸುಲಭವಾಗಿ ಸಿಗುತ್ತದೆ. ಅದು ಮ್ಯಾಂಗನೀಸ್‌ನ ದಾರಿಯಲ್ಲಿ ಒಳಹೋಗುತ್ತದೆ. ನೀರಿನ ಅಭಾವದಿಂದ ನಮ್ಮಲ್ಲಿ ಈಗ ಕೂರಿಗೆ ಬಿತ್ತನೆಯ ಭತ್ತಕ್ಕೆ, ನೀರು ಕಟ್ಟಿ ಆರಿಸುವ ಪದ್ಧತಿಗೆ ಪ್ರೋತ್ಸಾಹವಿದೆ. ಅದು ಸರಿಯಾದ ದಾರಿಯೇ. ಆದರೆ ನೀರಿನ ಪದ್ಧತಿ ಬದಲಾದರೆ ಲೋಹದ ಲೆಕ್ಕವೂ ಬದಲಾಗುತ್ತದೆ. ಮಣ್ಣಿನಲ್ಲಿ ಏನಿದೆ ಎಂದು ತಿಳಿದಿದ್ದರಷ್ಟೇ ಆ ಬದಲಾವಣೆಯನ್ನು ನಿಭಾಯಿಸಬಹುದು.

ಭಯ ಹುಟ್ಟಿಸುವುದು ನನ್ನ ಉದ್ದೇಶವಲ್ಲ. ಸೋನಾ ಮಸೂರಿ ಬೆಳೆಯುವ ಊರಿನವಳಾಗಿ, ಒಂದು ಸುಳ್ಳು ಸುದ್ದಿ ಧಾರಣೆಯನ್ನು ಹೇಗೆ ನೆಲಕ್ಕಿಳಿಸಬಹುದು ಎಂಬುದು ನನಗೆ ಗೊತ್ತು. ನಮ್ಮ ಎರೆಮಣ್ಣು ಒಂದು ರಕ್ಷಾಕವಚವೂ ಹೌದು. ಅದರ ಜಿಗುಟು ಮತ್ತು ಕ್ಷಾರ ಗುಣ ಕ್ಯಾಡ್ಮಿಯಂ, ಸೀಸಗಳನ್ನು ಬಹುಮಟ್ಟಿಗೆ ಹಿಡಿದಿಡುತ್ತವೆ. ಆದರೆ ಆರ್ಸೆನಿಕ್ ಮತ್ತು ಕ್ರೋಮಿಯಂನ ವಿಷಕಾರಿ ರೂಪಕ್ಕೆ ಈ ಕವಚ ಅಷ್ಟಾಗಿ ಕೆಲಸ ಮಾಡದು.

ಅಳೆಯದೆ ಕುಳಿತರೆ ಏನಾಗುತ್ತದೆ ಎಂಬುದಕ್ಕೆ ಜಪಾನಿನ ಜಿನ್ಜು ನದಿ ಸಾಕ್ಷಿ. ಮೇಲಿನ ಕಾಮಿಯೋಕಾ ಗಣಿಯ ಕ್ಯಾಡ್ಮಿಯಂ ನದಿಗೆ, ನದಿಯಿಂದ ಭತ್ತದ ಗದ್ದೆಗೆ, ಗದ್ದೆಯಿಂದ ಅನ್ನಕ್ಕೆ ಬಂತು. ಮೂಳೆ ಮುರಿಯುವ 'ಇಟಾಯಿ ಇಟಾಯಿ' ಕಾಯಿಲೆಗೆ ಇದೇ ಕಾರಣ ಎಂದು ಸರ್ಕಾರ ಒಪ್ಪಿದ್ದು 1968ರಲ್ಲಿ. ಅಲ್ಲಿಯ ಗದ್ದೆಗಳ ಮಣ್ಣು ಸರಿಪಡಿಸುವ ಕೆಲಸ ಮುಗಿದದ್ದು 2012ರಲ್ಲಿ. ಅದು ಸತು ಮತ್ತು ಸೀಸದ ಗಣಿ, ನಮ್ಮದು ಕಬ್ಬಿಣದ ಗಣಿ, ಎರಡೂ ಒಂದೇ ಅಲ್ಲ. ಆದರೆ ಹತ್ತಿರದ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ಜನ ಆರ್ಸೆನಿಕ್ ನೀರು ಕುಡಿದು ಚರ್ಮದ ಕಾಯಿಲೆ ಅನುಭವಿಸಿದ್ದು ನಮ್ಮ ರಾಜ್ಯದ್ದೇ ಕಥೆ. ಅದು ಹಳೆಯ ಚಿನ್ನದ ಗಣಿಗಳ ಸೀಮೆ. ಅಲ್ಲಿಯೂ ಪರೀಕ್ಷೆ ಬಂದದ್ದು ಕಾಯಿಲೆ ಕಾಣಿಸಿಕೊಂಡ ಮೇಲೆ.

ಹಾಗಾದರೆ ಏನು ಮಾಡಬೇಕು? ಮೊದಲನೆಯದು ಕಾರ್ಡಿಗೆ ಕನಿಷ್ಠ ಐದು ವಿಷಲೋಹಗಳನ್ನು ಸೇರಿಸುವುದು. ಎಲ್ಲ ಊರಿಗೂ ಬೇಡ, ಗಣಿ, ಕೈಗಾರಿಕೆ, ನಗರದ ಕೊಳಚೆ ನೀರಿನ ಕೆಳಭಾಗದ ತಾಲ್ಲೂಕುಗಳಿಂದ ಶುರುವಾಗಲಿ. ಹಲವು ಪ್ರಯೋಗಾಲಯಗಳಲ್ಲಿ ಸತು, ತಾಮ್ರ ಅಳೆಯುವ ಎಎಎಸ್ ಯಂತ್ರ ಈಗಾಗಲೇ ಇದೆ. ಅದೇ ಯಂತ್ರದಲ್ಲಿ ಆಯಾ ಲೋಹದ ದೀಪ ಹಾಕಿದರೆ ಕ್ಯಾಡ್ಮಿಯಂ, ಸೀಸವನ್ನೂ ಅಳೆಯಬಹುದು.

ಎರಡನೆಯದು ಹಣ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಗಣಿ ಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದೇ ನಿಧಿ ಕೂಡಿತು. 2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣವೂ ಇದೆ. ಅದರ ಆದ್ಯತೆಗಳಲ್ಲಿ ಮಾಲಿನ್ಯ ನಿಯಂತ್ರಣವೂ ಒಂದು. ರಸ್ತೆ, ಭವನಗಳ ಜೊತೆಗೆ ಮಣ್ಣು ಪರೀಕ್ಷೆಗೂ ಅದರಲ್ಲಿ ಪಾಲು ಕೇಳುವುದು ನಮ್ಮ ಹಕ್ಕು.

ಮೂರನೆಯದು ನಮ್ಮಂಥ ವಿದ್ಯಾರ್ಥಿಗಳಿಂದಲೇ ಆಗಬಹುದಾದದ್ದು. ಬೇರಿನ ಉದ್ದ ನೋಡಿ ಮಣ್ಣಿನ ವಿಷ ಅಂದಾಜಿಸುವ ಪರೀಕ್ಷೆಗೆ ಅಂತರರಾಷ್ಟ್ರೀಯ ಮಾನದಂಡಗಳೇ ಇವೆ. ಸರಳ ರೂಪದಲ್ಲಿ ಕಾಲೇಜಿನಲ್ಲೂ ಮಾಡಬಹುದು. ಗದ್ದೆಯ ಮಣ್ಣು, ಕಾಲುವೆಯ ಹೂಳು, ಹೋಲಿಕೆಗೆ ಒಂದು ಒಳ್ಳೆಯ ಮಣ್ಣು. ಮೂರರಲ್ಲೂ ಒಂದೇ ತಳಿಯ ಇಪ್ಪತ್ತಿಪ್ಪತ್ತು ಬೀಜ. ಹತ್ತನೇ ದಿನ ಬೇರು ತೊಳೆದು ಸ್ಕೇಲಿನಿಂದ ಅಳತೆ. ನಮ್ಮ ಭಾಗದಲ್ಲಿ ಚೌಳು ಕೂಡ ಬೇರನ್ನು ಕುಗ್ಗಿಸುತ್ತದೆ, ಆದ್ದರಿಂದ ಇದು ಅಂತಿಮ ತೀರ್ಪಲ್ಲ, ಬರೀ ಎಚ್ಚರಿಕೆಯ ಗಂಟೆ. ಬೇರು ಕುಗ್ಗಿದ ಮಣ್ಣನ್ನಷ್ಟೇ ಪ್ರಯೋಗಾಲಯಕ್ಕೆ ಕಳಿಸಿದರೆ ಖರ್ಚೂ ಉಳಿಯುತ್ತದೆ. ಹಳ್ಳಿ ಮಟ್ಟದ ಮಣ್ಣು ಪರೀಕ್ಷಾ ಕೇಂದ್ರ ತೆರೆಯಲು ಗ್ರಾಮೀಣ ಯುವಕ ಯುವತಿಯರಿಗೆ ಸರ್ಕಾರದ ನೆರವಿದೆ. ಪರೀಕ್ಷೆಗಳ ಪಟ್ಟಿ ಬೆಳೆದರೆ ಅಲ್ಲಿ ನಮ್ಮವರಿಗೆ ಕೆಲಸವೂ ಬೆಳೆಯುತ್ತದೆ.

ಸ್ಪರ್ಧಾತ್ಮಕ ಪರೀಕ್ಷೆಗೆಂದು ನಾವು ಮಣ್ಣು ಆರೋಗ್ಯ ಕಾರ್ಡ್ ಯಾವ ವರ್ಷ, ಎಲ್ಲಿ ಆರಂಭವಾಯಿತು ಎಂದು ಬಾಯಿಪಾಠ ಮಾಡುತ್ತೇವೆ. ಈ ಸಲ ಊರಿಗೆ ಹೋದಾಗ ಮನೆಯ ಕಾರ್ಡನ್ನು ಒಮ್ಮೆ ತೆಗೆದು ಓದಿ. ಅದರಲ್ಲಿ ಏನು ಬರೆದಿಲ್ಲ ಎಂಬುದನ್ನು ಪಟ್ಟಿ ಮಾಡಿ, ಮುಂದಿನ ಗ್ರಾಮಸಭೆಯಲ್ಲಿ ಎದ್ದು ಕೇಳಿ.