ಇಬ್ಬನಿಯ ಹೆಸರಿನ ಪೂಜೆ

ಡಿಸೆಂಬರ್ ನಡುವಿನ ಬೆಳಗು. ಪೋಲೆಂಡಿನ ಕ್ರಾಕೋವ್ ನಗರದಲ್ಲಿ ಗಂಟೆ ಆರು ದಾಟಿದರೂ ಹೊರಗೆ ನಡುರಾತ್ರಿಯಂಥ ಕತ್ತಲೆ. ಕೊರೆಯುವ ಚಳಿಯಲ್ಲಿ ಅಪ್ಪ ಅಮ್ಮಂದಿರ ಕೈ ಹಿಡಿದು ಮಕ್ಕಳು ಚರ್ಚಿಗೆ ಹೊರಟಿರುತ್ತಾರೆ. ಒಬ್ಬೊಬ್ಬರ ಕೈಯಲ್ಲೂ ಒಂದು ಪುಟ್ಟ ಲಾಂದ್ರ. ಚರ್ಚಿನೊಳಗೆ ವಿದ್ಯುದ್ದೀಪಗಳೆಲ್ಲ ಆರಿವೆ.

ಇದು 'ರೊರಾತೆ' ಪೂಜೆ. ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದಲ್ಲಿ ಮಾತೆ ಮರಿಯಮ್ಮನವರ ಗೌರವಾರ್ಥ ನಸುಕಿನಲ್ಲಿ ಅರ್ಪಿಸುವ ಕ್ಯಾಥೊಲಿಕ್ ಬಲಿಪೂಜೆ. ಪ್ರವೇಶಗೀತೆಯ ಮೊದಲ ಲ್ಯಾಟಿನ್ ಪದವೇ ಇದಕ್ಕೆ ಹೆಸರಾಗಿದೆ. 'ಇಬ್ಬನಿ ಸುರಿಸಿರಿ' ಎಂದು ಅದರ ಅರ್ಥ. ಆಗಮನ ಕಾಲದಲ್ಲಿ ನೇರಳೆ ಉಡುಪು ತೊಡುವ ಗುರುಗಳು ಈ ಪೂಜೆಗೆ ಮಾತ್ರ ಬಿಳಿ ಉಡುಪಿನಲ್ಲಿರುತ್ತಾರೆ. ಜರ್ಮನಿ, ಆಸ್ಟ್ರಿಯಗಳಲ್ಲೂ ಈ ಪದ್ಧತಿಯುಂಟು.

ಹಳೆಯ 60 ವ್ಯಾಟ್ ಬಲ್ಬೊಂದರ ಬೆಳಕಿಗೆ ಸುಮಾರು ಅರವತ್ತು ಮೇಣದ ಬತ್ತಿಗಳು ಬೇಕು. ಹಾಗಿದ್ದರೂ ಅಷ್ಟು ದೊಡ್ಡ ಚರ್ಚಿನಲ್ಲಿ ಕೆಲವೇ ಬತ್ತಿಗಳು ಸಾಕೆನಿಸುವುದೇಕೆ? ಉತ್ತರ ಕಣ್ಣಿನಲ್ಲಿದೆ. ಅಕ್ಷಿಪಟಲದ ದಂಡಕೋಶಗಳಲ್ಲಿ ರೊಡಾಪ್ಸಿನ್ ಎಂಬ ವರ್ಣದ್ರವ್ಯವಿದೆ. ಪ್ರಖರ ಬೆಳಕಿನಲ್ಲಿ ಒಡೆದುಹೋಗುವ ಅದು ಕತ್ತಲಲ್ಲಿ ಮೆಲ್ಲನೆ ಮತ್ತೆ ಕೂಡಿಕೊಳ್ಳುತ್ತದೆ. ಪೂರ್ತಿ ಸಿದ್ಧವಾಗಲು ಅರ್ಧ ಗಂಟೆಗೂ ಹೆಚ್ಚು ಹೊತ್ತು ಬೇಕು. ಕತ್ತಲ ದಾರಿಯಲ್ಲಿ ನಡೆದುಬಂದ ಮಗುವಿನ ಕಣ್ಣು ಆ ಕೆಲಸವನ್ನು ಮನೆಯ ಬಾಗಿಲಿನಿಂದಲೇ ಆರಂಭಿಸಿರುತ್ತದೆ! ಪೋಲೆಂಡಿನಲ್ಲಿ ಬಹಳ ಕಡೆ 'ಗ್ಲೋರಿಯಾ' ಗೀತೆಯ ಹೊತ್ತಿಗೆ ವಿದ್ಯುದ್ದೀಪಗಳನ್ನು ಹಾಕಿಬಿಡುತ್ತಾರೆ. ನೋಡಲು ಸಂಭ್ರಮವೇ. ಆದರೆ ಕಣ್ಣು ಅಷ್ಟು ಹೊತ್ತು ಗಳಿಸಿದ್ದು ಆ ಒಂದು ಗಳಿಗೆಯಲ್ಲಿ ಖರ್ಚಾಗುತ್ತದೆ.

ದೀಪ ಹಾಕದ ಕಡೆ ಇನ್ನೊಂದು ಸೊಗಸಿದೆ. ಕ್ರಾಕೋವ್ ಇರುವುದು 50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ಡಿಸೆಂಬರ್ ಸೂರ್ಯ ಏಳೂವರೆಯ ಸುಮಾರಿಗೆ, ಬಹಳ ಓರೆಯಾಗಿ ಮೇಲೇರುತ್ತಾನೆ. ಹಾಗಾಗಿ ಮುಂಬೆಳಗು ದೀರ್ಘ. ಪೂರ್ವದ ಕಿಟಕಿಯ ಬಣ್ಣದ ಗಾಜಿನಲ್ಲಿ ನೀಲಿ ಮೊದಲು ತಿಳಿಯಾಗುತ್ತದೆ. ಕೆಂಪು ಇನ್ನೂ ಕಪ್ಪಾಗಿಯೇ ಉಳಿದಿರುತ್ತದೆ. ಮಬ್ಬು ಬೆಳಕಿನಲ್ಲಿ ಕಣ್ಣು ನೀಲಿಯ ಕಡೆ ವಾಲುವ ಈ ಗುಣಕ್ಕೆ ಚೆಕ್ ವಿಜ್ಞಾನಿ ಯಾನ್ ಪುರ್ಕಿನ್ಯೆಯ ಹೆಸರಿದೆ. ಇಂದು ಪೋಲೆಂಡಿನಲ್ಲಿರುವ ವ್ರೊತ್ಸ್ವಾಫ್ ನಗರದಲ್ಲಿ 1823ರಿಂದ ಆತ ಪ್ರಾಧ್ಯಾಪಕನಾಗಿದ್ದ.

ಈಗ ಎಷ್ಟೋ ಚರ್ಚುಗಳು ಈ ಪೂಜೆಯನ್ನು ಸಂಜೆಗೆ ಇಟ್ಟುಕೊಂಡಿವೆ. ಶಾಲೆ, ನೌಕರಿಗಳ ಓಟದಲ್ಲಿ ಎಂಟು ವರ್ಷದ ಮಗುವನ್ನು ಐದು ಗಂಟೆಗೆ ಎಬ್ಬಿಸುವ ತಾಯಿಯ ಪಾಡನ್ನು ಹಗುರವಾಗಿ ಕಾಣುವಂತಿಲ್ಲ. ಸಂಜೆಯೂ ಕತ್ತಲಿರುತ್ತದೆ, ಮೇಣದ ಬತ್ತಿಯೂ ಇರುತ್ತದೆ. ಆದರೆ ಕತ್ತಲಲ್ಲಿ ಕಾದು ಕುಳಿತವರಿಗೆ ಬೆಳಗಾಗಬೇಕಲ್ಲ, ಅದಿರುವುದಿಲ್ಲ. ಪೂಜೆ ಮುಗಿಸಿ ಹೊರಬಂದರೆ ಮತ್ತೆ ರಾತ್ರಿಯೇ.

ನಸುಕಿನ ಪೂಜೆಯ ನಂತರ ಕೆಲವು ಚರ್ಚುಗಳಲ್ಲಿ ಮಕ್ಕಳಿಗೆ ಬಿಸಿ ಕೋಕೋ, ಬನ್ನು ಸಿಗುತ್ತದೆ. ಅದನ್ನು ಮುಗಿಸಿ ಅಂಗಳಕ್ಕೆ ಬರುವಷ್ಟರಲ್ಲಿ ಆಕಾಶ ಬೆಳ್ಳಗಾಗಿರುತ್ತದೆ. ಲಾಂದ್ರದೊಳಗಿನ ಜ್ವಾಲೆ ಮೊದಲಿನಷ್ಟೇ ಉರಿಯುತ್ತಿದ್ದರೂ ಕಾಣುವುದೇ ಕಷ್ಟ. ಆರಿತೋ ಏನೋ ಎಂದು ಮಗು ಗಾಜಿಗೆ ಮುಖ ತಾಗಿಸಿ ನೋಡುತ್ತದೆ. ಉಫ್ ಎಂದು ಊದಿ, ಚೀಲ ಹೆಗಲಿಗೇರಿಸಿ ಶಾಲೆಯ ದಾರಿ ಹಿಡಿಯುತ್ತದೆ.